ನಮ್ಮ ಕೊಟ್ಟಿಗೆಗೆ ಅಪಾಯ ಎಷ್ಟು? ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಒಂದು ಲೆಕ್ಕ

ಹಾಲು ಉತ್ಪಾದಕ ಸಹೋದರಿಯರೇ,

ರೋಹಿಣಿ ಮಳೆ ಹತ್ತಿರ ಬಂದಿದೆ. ಹೊಲದ ಕೆಲಸ, ಬಿತ್ತನೆ ಬೀಜ, ಮಕ್ಕಳ ಶಾಲೆ ಎಂದು ನಿಮಗೆ ಪುರುಸೊತ್ತು ಇರುವುದಿಲ್ಲ ಎಂಬುದು ಗೊತ್ತು. ಆದರೂ ಈ ತಿಂಗಳು ಒಂದು ಸಂಜೆ, ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಹಾಳೆ, ಒಂದು ಪೆನ್ನು ಸಾಕು. ಬರೆಯಲು ಬಾರದಿದ್ದರೆ ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಲಿನ ಲೆಕ್ಕ, ಹಿಂಡಿಯ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತು. ಇದು ಅಪಾಯದ ಲೆಕ್ಕ.

ಈ ಪಾಠ ನಾನು ಕಲಿತದ್ದು ತಡವಾಗಿ. 2019ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೇ ತಿಂಗಳಲ್ಲಿ ಮಲಪ್ರಭಾ ದಂಡೆಯ ಒಂದು ಊರಿಗೆ ಗಳಲೆ ರೋಗದ ಲಸಿಕೆ ಹಾಕಲು ಹೋಗಿದ್ದೆ. ಒಂದು ಕೊಟ್ಟಿಗೆಯ ಗೋಡೆಯ ಮೇಲೆ ಎದೆಯ ಮಟ್ಟದಲ್ಲಿ ಉದ್ದಕ್ಕೆ ಮಣ್ಣಿನ ಕಲೆ ಇತ್ತು. ನೋಡಿದೆ, ಏನೆಂದು ಕೇಳಲಿಲ್ಲ. ಲಸಿಕೆ ಹಾಕಿ, ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋದೆ. ಅದು 2009ರ ಪ್ರವಾಹದ ಗುರುತು. ಆಗಸ್ಟ್‌ನಲ್ಲಿ ನೀರು ಮತ್ತೆ ಬಂತು. ಇಳಿದ ಮೇಲೆ ಅದೇ ಕೊಟ್ಟಿಗೆಗೆ ಹೋದಾಗ ಎರಡು ಎಮ್ಮೆ ಗೂಟದಲ್ಲೇ ಸತ್ತಿದ್ದವು. ಹಗ್ಗ ಕುತ್ತಿಗೆಯಲ್ಲೇ ಇತ್ತು.

ಆ ತಾಯಿ ಅಳುತ್ತಿರಲಿಲ್ಲ. ಹೇಳಿದ್ದು ಇಷ್ಟೇ: "ಸಾಹೇಬ್ರ, ನೀರು ಬರತೈತಿ ಅಂತ ಮಂದಿ ಹೇಳಿದ್ರು. ಇವರು ಊರಾಗ ಇರಲಿಲ್ಲ, ಫೋನ್ ಹತ್ತಲಿಲ್ಲ. ಕೇಳದ ಹೆಂಗ ಬಿಚ್ಚಲಿ ಅಂತ ಕುಂತೆ. ಕುಂತಾಗನ ನೀರು ಬಾಗಲಿಗೆ ಬಂತು."

ಎಮ್ಮೆಗೆ ಈಜು ಬರುತ್ತದೆ. ಹಸುವೂ ಈಜುತ್ತದೆ. ಆದರೆ ಕಟ್ಟಿದ ದನ ಈಜಲಾರದು. ಆ ಎರಡು ಎಮ್ಮೆಗಳ ಸಾವಿಗೆ ನೀರು ಅರ್ಧ ಕಾರಣ, ಹಗ್ಗ ಮತ್ತು ಕಾಯುವಿಕೆ ಇನ್ನರ್ಧ. ನೀರನ್ನು ನಾವು ತಡೆಯಲಾರೆವು. ಉಳಿದರ್ಧ ನಮ್ಮ ಕೈಯಲ್ಲಿದೆ. ಅಪಾಯದ ಲೆಕ್ಕ ಎಂದರೆ ಆ ಅರ್ಧವನ್ನು ಮೊದಲೇ ಹುಡುಕುವುದು.

ಅಪಾಯ ಎಂದರೆ ಮೂರು ಮಾತು

ಅಪಾಯವನ್ನು ಅಳೆಯುವಾಗ ಮೂರು ಪ್ರಶ್ನೆ ಕೇಳಬೇಕು.

ಒಂದು, ಏನು ಬರಬಹುದು? ಪ್ರವಾಹ, ಸಿಡಿಲು, ಬರ, ಗಾಳಿ, ಬಣವೆಗೆ ಬೆಂಕಿ.
ಎರಡು, ಬಂದರೆ ದಾರಿಯಲ್ಲಿ ನಮ್ಮದು ಏನಿದೆ? ದನ, ಕರು, ಮೇವು, ಕೊಟ್ಟಿಗೆ, ಹಾಲು ಹೋಗುವ ರಸ್ತೆ.
ಮೂರು, ತಪ್ಪಿಸಿಕೊಳ್ಳಲು ನಮ್ಮಿಂದ ಆಗುತ್ತದೆಯೇ? ಕೈ ಎಷ್ಟಿವೆ, ಸಮಯ ಎಷ್ಟಿದೆ, ಜಾಗ ಎಲ್ಲಿದೆ, ತೀರ್ಮಾನ ಯಾರದು.

ಒಂದೇ ನದಿ, ಒಂದೇ ನೀರು. ಆದರೂ ಒಂದು ಮನೆಯ ದನ ಉಳಿಯುತ್ತದೆ, ಪಕ್ಕದ ಮನೆಯದು ಹೋಗುತ್ತದೆ. ವ್ಯತ್ಯಾಸ ಇರುವುದು ಮೂರನೆಯ ಪ್ರಶ್ನೆಯಲ್ಲಿ.

ಮೊದಲ ಹೆಜ್ಜೆ: ಹಿರಿಯರನ್ನು ಕೇಳಿ, ಗೋಡೆಯನ್ನು ನೋಡಿ

ನಿಮ್ಮ ಊರಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯರನ್ನು ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು? ಯಾವ ಮಳೆಯಲ್ಲಿ? ಮೊದಲು ಯಾವ ದಾರಿ ಮುಚ್ಚಿತು? ಗುಡಿಯ ಮೆಟ್ಟಿಲು, ಶಾಲೆಯ ಗೋಡೆ, ಹಳೆಯ ಬೇವಿನ ಮರ, ಇವುಗಳ ಮೇಲಿನ ಗುರುತು ಕೇಳಿ ತಿಳಿದುಕೊಳ್ಳಿ. ಅದೇ ಮಟ್ಟ ನಿಮ್ಮ ಕೊಟ್ಟಿಗೆಯಲ್ಲಿ ಎಲ್ಲಿಗೆ ಬರುತ್ತದೆ ಎಂದು ಸುಣ್ಣದಿಂದ ಒಂದು ಗೆರೆ ಎಳೆಯಿರಿ.

ಒಂದು ಎಚ್ಚರಿಕೆ. ಹಳೆಯ ಗೆರೆಯೇ ಕೊನೆಯ ಗೆರೆ ಎಂದುಕೊಳ್ಳಬೇಡಿ. ಹಿಂದೆ ಇಲ್ಲಿಯವರೆಗೆ ಮಾತ್ರ ಬಂದಿತ್ತು ಎಂದು ಧೈರ್ಯದಿಂದ ಕುಳಿತವರು ಪ್ರತಿ ಪ್ರವಾಹದಲ್ಲಿಯೂ ಸಿಕ್ಕಿಬೀಳುತ್ತಾರೆ. ಗೆರೆಗಿಂತ ಒಂದು ಆಳು ಎತ್ತರದ ಜಾಗವನ್ನೇ ಸುರಕ್ಷಿತ ಎಂದು ಲೆಕ್ಕ ಹಿಡಿಯಿರಿ.

ಇನ್ನೊಂದು ಮಾತು. ನಮ್ಮ ಊರಲ್ಲಿ ಮಳೆ ಇಲ್ಲದಿದ್ದರೂ ಪ್ರವಾಹ ಬರುತ್ತದೆ. 2009ರಲ್ಲಿ ಹಸ್ತ ಮಳೆ ನಮ್ಮ ಬಯಲು ಸೀಮೆಯಲ್ಲಿಯೇ ಸುರಿಯಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಎಲ್ಲರೂ ಮಳೆಗಾಲ ಮುಗಿಯಿತು ಎಂದುಕೊಂಡಿದ್ದರು. 2019ರಲ್ಲಿ ಆಶ್ಲೇಷ ಮಳೆ ಸುರಿದದ್ದು ಹೆಚ್ಚಾಗಿ ಪಶ್ಚಿಮ ಘಟ್ಟದಲ್ಲಿ. ಆ ನೀರು ನದಿಯಲ್ಲಿ ಇಳಿದು ರಾಮದುರ್ಗ, ಗೋಕಾಕ, ಮುಧೋಳ, ಬಾದಾಮಿ ತಾಲೂಕುಗಳ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮಲಪ್ರಭೆ ಬಂದಳು.

ಆದ್ದರಿಂದ ನಿಮ್ಮ ನದಿಯ ತವರು ಎಲ್ಲಿ ಎಂದು ತಿಳಿದಿರಲಿ. ಮಲಪ್ರಭಾ ದಂಡೆಯವರು ಖಾನಾಪುರದ ಕಣಕುಂಬಿ ಕಡೆಯ ಮಳೆ ಮತ್ತು ನವಿಲುತೀರ್ಥ ಆಣೆಕಟ್ಟಿನ ಸುದ್ದಿ ಕೇಳಬೇಕು. ಘಟಪ್ರಭಾ ದಂಡೆಯವರು ಹಿಡಕಲ್ ಆಣೆಕಟ್ಟಿನದು. ಕೃಷ್ಣಾ ದಂಡೆಯವರು ಮಹಾರಾಷ್ಟ್ರದ ಕೊಯ್ನಾ ಮತ್ತು ಕೊಲ್ಲಾಪುರ ಕಡೆಯ ಮಳೆ. ಮೇಲೆ ಆಣೆಕಟ್ಟು ತುಂಬುತ್ತಾ ಬಂದು ಘಟ್ಟದಲ್ಲಿ ಮಳೆ ನಿಲ್ಲದಿದ್ದರೆ, ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ನೀವು ತಯಾರಾಗಬೇಕು.

ಎರಡನೇ ಹೆಜ್ಜೆ: ಅಂಕ ಹಾಕಿ

ಹಾಳೆಯ ಮೇಲೆ ಒಂದೊಂದು ಅಪಾಯದ ಹೆಸರು ಬರೆದು ಎರಡು ಅಂಕ ಕೊಡಿ.

ಮೊದಲ ಅಂಕ, ಎಷ್ಟು ಸಲ ಬರುತ್ತದೆ ಎಂಬುದಕ್ಕೆ. ಕಳೆದ ಹತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ ಎಂದರೆ 1. ಒಂದೆರಡು ಸಲ ಬಂದಿದೆ ಎಂದರೆ 2. ಮೂರು ಸಲ ಅಥವಾ ಹೆಚ್ಚು ಎಂದರೆ 3.

ಎರಡನೇ ಅಂಕ, ಬಂದರೆ ಎಷ್ಟು ಹಾನಿ ಎಂಬುದಕ್ಕೆ. ಹಾಲು ಕಡಿಮೆಯಾಗುವಷ್ಟು ಮಾತ್ರ ಎಂದರೆ 1. ಮೇವು ಅಥವಾ ಕೊಟ್ಟಿಗೆ ಹೋಗುವಷ್ಟು ಎಂದರೆ 2. ದನವೋ ಮನುಷ್ಯರೋ ಸಾಯಬಹುದು ಎಂದರೆ 3.

ಎರಡನ್ನೂ ಗುಣಿಸಿ. 6 ಅಥವಾ 9 ಬಂದರೆ ಈ ತಿಂಗಳೇ ಕೆಲಸ ಆಗಬೇಕು. 3 ಅಥವಾ 4 ಬಂದರೆ ಮಳೆಗಾಲದೊಳಗೆ. 1 ಅಥವಾ 2 ಬಂದರೆ ನಂತರ ನೋಡಬಹುದು.

ನದಿ ದಂಡೆಯ ಒಂದು ಮನೆಯ ಉದಾಹರಣೆ ನೋಡೋಣ.

ಪ್ರವಾಹ: 2 × 3 = 6.
ಬರ ಮತ್ತು ಮೇವಿನ ಕೊರತೆ: 3 × 2 = 6.
ಸಿಡಿಲು: 1 × 3 = 3.
ಬಣವೆಗೆ ಬೆಂಕಿ: 1 × 2 = 2.

ಈಗ ಅಂಕದ ಹಿಂದೆ ಏನಿದೆ ನೋಡಿ. ಬಣವೆ ಕೊಟ್ಟಿಗೆಗೆ ತಾಗಿಯೇ ಇದ್ದರೆ ಬೆಂಕಿ ಮೇವಿಗೆ ನಿಲ್ಲುವುದಿಲ್ಲ, ಕಟ್ಟಿದ ದನಕ್ಕೂ ಹತ್ತುತ್ತದೆ. ಆಗ ಹಾನಿಯ ಅಂಕ 2 ಅಲ್ಲ, 3. ಬಣವೆಯನ್ನು ದೂರ ಒಟ್ಟಿದರೆ ಅಂಕ ಮತ್ತೆ ಇಳಿಯುತ್ತದೆ. ಖರ್ಚಿಲ್ಲದೆ ಒಂದು ಅಪಾಯ ಕಡಿಮೆಯಾಯಿತು. ಸಿಡಿಲಿನದೂ ಹಾಗೆಯೇ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದಾಗ ಒಂಟಿ ಮರದ ಕೆಳಗೆ, ತಂತಿ ಬೇಲಿಯ ಪಕ್ಕ ದನ ಕಟ್ಟದಿದ್ದರೆ ಸಾಕು. ನೀವೂ ಅಲ್ಲಿ ನಿಲ್ಲಬಾರದು. ಗುಣಾಕಾರದ ಅಂಕ ಕಡಿಮೆ ಬಂದರೂ ಹಾನಿಗೆ 3 ಬಿದ್ದ ಯಾವ ಅಪಾಯವನ್ನೂ ಹಾಳೆಯಿಂದ ಅಳಿಸಬೇಡಿ.

ಮೂರನೇ ಹೆಜ್ಜೆ: ಸಮಯದ ಲೆಕ್ಕ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ದಯವಿಟ್ಟು ಬಿಡಬೇಡಿ.

ಒಂದು ಮನೆಯಲ್ಲಿ ಎರಡು ಎಮ್ಮೆ, ಒಂದು ಹಸು, ಒಂದು ಮಣಕ, ಎರಡು ಕರು ಇವೆ ಎಂದುಕೊಳ್ಳಿ. ಒಟ್ಟು ಆರು. ಎತ್ತರದ ಜಾಗಕ್ಕೆ ದನ ಹೊಡೆದುಕೊಂಡು ಹೋಗಲು 20 ನಿಮಿಷ, ಬರಲು 20 ನಿಮಿಷ. ಒಬ್ಬರು ಒಂದು ಸಲಕ್ಕೆ ಎರಡು ದನ ಹಿಡಿಯಬಹುದು. ಮೂರು ಸಲ ಹೋಗಬೇಕು. ಮೊದಲ ಎರಡು ಸಲಕ್ಕೆ 80 ನಿಮಿಷ, ಕೊನೆಯ ಸಲ ಹೋಗುವುದಷ್ಟೇ, 20 ನಿಮಿಷ. ಬಿಚ್ಚಲು, ಕಾಗದಪತ್ರ ತೆಗೆದುಕೊಳ್ಳಲು ಇನ್ನೊಂದು 20. ಒಟ್ಟು 120 ನಿಮಿಷ, ಅಂದರೆ ಎರಡು ಗಂಟೆ. ಅದು ಹಗಲಿನ ಮಾತು. ರಾತ್ರಿ, ಮಳೆ, ಕೆಸರು ಎಂದರೆ ಮೂರು ಗಂಟೆ ಹಿಡಿಯಿರಿ.

ಈಗ ಇನ್ನೊಂದು ಪ್ರಶ್ನೆ. ನೀರು ನಿಮ್ಮ ಅಂಗಳಕ್ಕೆ ಬರುವ ಮೊದಲು ದಾರಿಯಲ್ಲಿರುವ ಹಳ್ಳ ತುಂಬುತ್ತದೆಯೇ? ಎಷ್ಟೋ ಊರುಗಳಲ್ಲಿ ಮನೆ ಮುಳುಗುವ ಮೊದಲೇ ಹಳ್ಳದ ಸೇತುವೆ ಮುಳುಗುತ್ತದೆ. ಹಾಗಿದ್ದರೆ ನಿಮ್ಮ ಗಡುವು ಮನೆ ಬಾಗಿಲಲ್ಲ, ಆ ಸೇತುವೆ. ಸೇತುವೆ ಮುಚ್ಚುವುದಕ್ಕೆ ಮೂರು ಗಂಟೆ ಮೊದಲು ನೀವು ಹೊರಟಿರಬೇಕು.

ಅದಕ್ಕೆ ಒಂದು ಗುರುತು ಕಲ್ಲು ಇಟ್ಟುಕೊಳ್ಳಿ. ನದಿಯ ಮೆಟ್ಟಿಲು, ಪಂಪ್‌ಸೆಟ್ಟಿನ ಕಟ್ಟೆ, ದಂಡೆಯ ಮೇಲಿನ ಯಾವುದಾದರೂ ಬಂಡೆ. ನೀರು ಅದನ್ನು ಮುಟ್ಟಿತೆಂದರೆ ಮಾತಿಲ್ಲ, ದನ ಬಿಚ್ಚಬೇಕು. ಯಾವ ಗುರುತು ಎಂಬುದನ್ನು ಹಿಂದಿನ ಪ್ರವಾಹ ಕಂಡವರ ಜೊತೆ ಕುಳಿತು ಈಗಲೇ ಗೊತ್ತು ಮಾಡಿ. ಕತ್ತಲಾಗುವ ಮೊದಲು ಗುರುತಿನ ಹತ್ತಿರ ಬಂದಿದ್ದರೆ ಮುಟ್ಟುವವರೆಗೂ ಕಾಯಬೇಡಿ, ಬೆಳಕಿರುವಾಗಲೇ ಹೊರಡಿ.

ನೆರೆಮನೆಯವರ ಸಹಾಯದ ಬಗ್ಗೆ ಒಂದು ಮಾತು. ನಿಮ್ಮ ಪಕ್ಕದ ಮನೆಗೆ ನೀರು ಬಂದಾಗ ಅವರಿಗೆ ಅವರ ದನದ್ದೇ ಚಿಂತೆ. ಅವರನ್ನು ನಂಬಿ ಲೆಕ್ಕ ಹಾಕಬೇಡಿ. ಊರಿನ ಎತ್ತರದ ಓಣಿಯಲ್ಲಿ ಮನೆ ಇರುವ, ನಿಮ್ಮ ಸಂಘದ ಸದಸ್ಯೆಯೊಬ್ಬರ ಜೊತೆ ಮಾತಾಡಿಕೊಳ್ಳಿ. ಅವರ ಮನೆಯಿಂದ ಒಬ್ಬರು ಬಂದರೆ ನಿಮ್ಮ ಮೂರು ಸಲ ಎರಡು ಸಲಕ್ಕೆ ಇಳಿಯುತ್ತದೆ, 40 ನಿಮಿಷ ಉಳಿಯುತ್ತದೆ. ಅವರಿಗೆ ಬೇಸಿಗೆಯಲ್ಲಿ ನೀರಿನ ತೊಂದರೆ ಇದ್ದರೆ ನಿಮ್ಮ ಬಾವಿ ಅವರಿಗಿರಲಿ. ಕೊಟ್ಟು ತೆಗೆದುಕೊಂಡರೆ ಸಂಬಂಧ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಬಿಚ್ಚುವ ತೀರ್ಮಾನ ಯಾರದು?

ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚ. ಆದರೆ ಬರೆಯಲೇಬೇಕು. ದನ ಯಜಮಾನರ ಹೆಸರಿನಲ್ಲಿ ಇರಬಹುದು. ಆದರೆ ನೀರು ಬಂದಾಗ ಮನೆಯಲ್ಲಿ ಇರುವವರು ಬಹಳ ಸಲ ನೀವು. ಗಂಡಸರು ಕಬ್ಬಿನ ಹೊಲದಲ್ಲೋ, ಪೇಟೆಯಲ್ಲೋ, ದುಡಿಯಲು ದೂರದ ಊರಲ್ಲೋ ಇರುತ್ತಾರೆ. ಗಾಳಿ ಮಳೆಯಲ್ಲಿ ಫೋನ್ ಹತ್ತುವುದಿಲ್ಲ.

ಆದ್ದರಿಂದ ಮಾತು ಈಗಲೇ ಆಗಬೇಕು. ಊಟಕ್ಕೆ ಕುಳಿತಾಗ ಮನೆಯವರ ಎದುರು ಹೇಳಿ: "ನೀರು ಆ ಕಲ್ಲು ಮುಟ್ಟಿದರೆ ನಾನು ಯಾರನ್ನೂ ಕೇಳದೆ ದನ ಬಿಚ್ಚುತ್ತೇನೆ." ಅತ್ತೆ, ಮಾವ, ಯಜಮಾನರು ಎಲ್ಲರೂ ಹೂಂ ಅನ್ನಲಿ. ನೀರು ಬರದೆ ದನ ಸುಮ್ಮನೆ ಹೋಗಿ ಬಂದರೆ ಯಾರೂ ಬಯ್ಯಬಾರದು ಎಂಬುದೂ ಆ ಮಾತಿನಲ್ಲಿ ಸೇರಿರಲಿ. ಹತ್ತು ಸಲ ಸುಮ್ಮನೆ ಹೋದರೆ ನಷ್ಟ ಎರಡು ಲೀಟರ್ ಹಾಲು. ಒಂದು ಸಲ ಹೋಗದಿದ್ದರೆ ನಷ್ಟ ಎಮ್ಮೆ.

ಎಚ್ಚರಿಕೆಯ ಸಂದೇಶ ಯಾರ ಫೋನಿಗೆ ಬರುತ್ತದೆ ಎಂಬುದನ್ನೂ ನೋಡಿ. ಸಂಘದ ಕಾರ್ಯದರ್ಶಿಯ ಬಳಿ, ಗ್ರಾಮ ಪಂಚಾಯಿತಿಯಲ್ಲಿ ನಿಮ್ಮ ನಂಬರ್ ಬರೆಸಿ. ಹವಾಮಾನ ಇಲಾಖೆ ಮಳೆಯ ಎಚ್ಚರಿಕೆಯನ್ನು ಬಣ್ಣದಲ್ಲಿ ಹೇಳುತ್ತದೆ. ಹಳದಿ ಎಂದರೆ ಗಮನ ಇರಲಿ, ಕಿತ್ತಳೆ ಎಂದರೆ ತಯಾರಾಗಿ, ಕೆಂಪು ಎಂದರೆ ಈಗಲೇ ಕೆಲಸ ಮಾಡಿ. ಸಿಡಿಲಿಗೆ 'ದಾಮಿನಿ' ಎಂಬ ಆ್ಯಪ್ ಇದೆ, ಮಕ್ಕಳಿಂದ ಫೋನಿಗೆ ಹಾಕಿಸಿಕೊಳ್ಳಿ. ತುರ್ತು ಇದ್ದಾಗ ಜಿಲ್ಲಾ ಸಹಾಯವಾಣಿ 1077, ಪಶು ಚಿಕಿತ್ಸೆಗೆ 1962. ಈ ಎರಡು ನಂಬರ್ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಐದನೇ ಹೆಜ್ಜೆ: ಈ ತಿಂಗಳು ಮಾಡುವ ಕೆಲಸ

ಹಗ್ಗ: ಮಳೆಗಾಲದಲ್ಲಿ ಸರಪಳಿ ಬೇಡ. ಹಗ್ಗ ನೆನೆದರೆ ಗಂಟು ಬಿಗಿಯುತ್ತದೆ, ಕತ್ತಲಲ್ಲಿ ಬಿಚ್ಚಲು ಬರುವುದಿಲ್ಲ. ಗೂಟದ ಕಡೆ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಕುತ್ತಿಗೆಯ ಕಡೆ ಮಾತ್ರ ಜಾರುವ ಗಂಟು ಹಾಕಬಾರದು, ಉರುಲಾಗುತ್ತದೆ. ಹರಿತವಾದ ಒಂದು ಕುಡಗೋಲು ಬಾಗಿಲ ಮೇಲೆ ಸಿಕ್ಕಿಸಿಡಿ.

ಮೇವು: ದೊಡ್ಡ ದನಕ್ಕೆ ದಿನಕ್ಕೆ 6 ಕೆ.ಜಿ. ಒಣ ಮೇವು ಎಂದು ಹಿಡಿಯಿರಿ. ಮೇಲಿನ ಉದಾಹರಣೆಯ ಮನೆಗೆ ಮೂರು ದೊಡ್ಡ ದನಕ್ಕೆ 18, ಮಣಕ ಮತ್ತು ಕರುಗಳಿಗೆ 6, ಒಟ್ಟು ದಿನಕ್ಕೆ 24 ಕೆ.ಜಿ. ಮೂರು ದಿನಕ್ಕೆ 72 ಕೆ.ಜಿ. ಇಷ್ಟು ಕಣಕಿಯನ್ನು ಈಗಲೇ ಎತ್ತರದ ಜಾಗದಲ್ಲಿ, ಪರಿಚಯದವರ ಮನೆಯಲ್ಲಿ ಇಟ್ಟುಬಿಡಿ. ನೀರು ಬಂದ ದಿನ ದನದ ಜೊತೆ ಮೇವನ್ನೂ ಹೊರಲು ಆಗುವುದಿಲ್ಲ.

ಲಸಿಕೆ: ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಮಳೆಗೆ ಮೊದಲೇ ಆಗಬೇಕು. ಲಸಿಕೆ ಹಾಕಿದ ಮೇಲೆ ಶಕ್ತಿ ಬರಲು ಎರಡು ಮೂರು ವಾರ ಬೇಕು. ನೀರು ಇಳಿದ ಮೇಲೆ ಹಾಕಿಸಿದರೆ ತಡವಾಗುತ್ತದೆ.

ಕಾಗದ: ಕಿವಿಯ ಓಲೆಯ 12 ಅಂಕಿ, ವಿಮೆಯ ಕಾಗದ, ಸಂಘದ ಪಾಸ್ ಪುಸ್ತಕ, ಬ್ಯಾಂಕ್ ಪುಸ್ತಕ, ಆಧಾರ್, ಇವುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಪ್ರತಿ ದನದ ಪಕ್ಕ ನಿಂತು, ಓಲೆ ಕಾಣುವಂತೆ ಒಂದು ಫೋಟೋ ತೆಗೆಸಿ, ಬೇರೆ ಊರಿನ ನೆಂಟರ ಫೋನಿಗೂ ಕಳಿಸಿ.

ಬರವನ್ನು ಮರೆಯಬೇಡಿ

ಪ್ರವಾಹ ಕಣ್ಣಿಗೆ ಕಾಣುತ್ತದೆ. ಬರ ಸದ್ದಿಲ್ಲದೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ನಾಲ್ಕು ವರ್ಷದ ಹಿಂದೆ ನೀರಿನಲ್ಲಿ ಮುಳುಗಿದ್ದ ಊರುಗಳೇ ಮೇವಿಗೆ ಪರದಾಡಿದವು. ಆದ್ದರಿಂದ ಹಾಳೆಯಲ್ಲಿ ಬರಕ್ಕೂ ಜಾಗ ಇರಲಿ. ಎಷ್ಟು ತಿಂಗಳ ಮೇವು ಕೈಯಲ್ಲಿದೆ, ಬೋರ್‌ವೆಲ್ ಯಾವ ತಿಂಗಳಲ್ಲಿ ಬತ್ತುತ್ತದೆ, ಒಂದು ದನ ಮಾರಬೇಕಾಗಿ ಬಂದರೆ ಯಾವುದು ಎಂಬುದನ್ನು ಮೊದಲೇ ಯೋಚಿಸಿ. ಮೇವು ಮುಗಿದ ಮೇಲೆ ಸಂತೆಗೆ ಹೋದರೆ ಬೆಲೆ ಸಿಗುವುದಿಲ್ಲ, ಆಗ ಎಲ್ಲರೂ ಮಾರುವವರೇ.

ಬರದಲ್ಲಿ ಇನ್ನೊಂದು ಅಪಾಯ ಇದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಜೋಳ ವಿಷ. ಹಸಿದ ದನ ಅದನ್ನು ತಿಂದರೆ ಉಸಿರುಕಟ್ಟಿ ಕೆಲವೇ ನಿಮಿಷಗಳಲ್ಲಿ ಬೀಳಬಹುದು. ಅಂತಹ ಹೊಲಕ್ಕೆ ದನ ಬಿಡಬೇಡಿ. ತಿಂದದ್ದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಚುಚ್ಚುಮದ್ದು ಇದೆ, ಆದರೆ ಬೇಗ ಸಿಗಬೇಕು.

ನೀರು ಇಳಿದ ಮೇಲೆ

ನೆನೆದ ಹಿಂಡಿ, ಬೂಷ್ಟು ಹಿಡಿದ ಕಣಕಿ ಹಾಕಬೇಡಿ. ದುಡ್ಡು ಕೊಟ್ಟದ್ದು ಎಂದು ಹೊಟ್ಟೆ ಉರಿಯುತ್ತದೆ, ಆದರೂ ಬೇಡ. ಹಾಲಿನ ಗಾಡಿ ಬರದಿದ್ದರೂ ಎರಡು ಹೊತ್ತು ಹಿಂಡಲೇಬೇಕು, ಇಲ್ಲದಿದ್ದರೆ ಕೆಚ್ಚಲು ಬಾವು ಬರುತ್ತದೆ. ಕೆಸರಿನಲ್ಲಿ ನಿಂತ ದನದ ಗೊರಸಿನ ಸಂದು ತೊಳೆದು ನೋಡಿ. ಗಂಟಲು ಊದಿ ಜೋರು ಜ್ವರ ಬಂದರೆ ಒಂದು ರಾತ್ರಿಯೂ ಕಾಯಬೇಡಿ. ನಿಮ್ಮ ಕಾಲಿಗೆ ಗಾಯ ಇದ್ದರೆ ಕೆಸರು ನೀರಿಗೆ ಇಳಿಯಬೇಡಿ, ಇಲಿ ಜ್ವರ ಮನುಷ್ಯರಿಗೂ ಬರುತ್ತದೆ.

ದನ ಸತ್ತಿದ್ದರೆ ಹೂಳುವ ಮೊದಲು ಪಶು ವೈದ್ಯರಿಗೂ, ಕಂದಾಯ ಇಲಾಖೆಯವರಿಗೂ, ವಿಮೆ ಇದ್ದರೆ ವಿಮೆಯವರಿಗೂ ತಿಳಿಸಿ. ಓಲೆ ಕೀಳಬೇಡಿ. ಓಲೆ ಸಮೇತ ಫೋಟೋ, ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ ಬೇಕಾಗುತ್ತದೆ. 2022ರಿಂದ 2026ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರದ ದರದಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕರುವಿಗೆ 20,000 ರೂಪಾಯಿ. ಒಂದು ಮನೆಗೆ ಹೆಚ್ಚೆಂದರೆ ಮೂರು ದೊಡ್ಡ ಹಾಲಿನ ದನಕ್ಕೆ ಸಿಗುತ್ತದೆ. ಒಳ್ಳೆಯ ಎಮ್ಮೆಯ ಸಂತೆ ಬೆಲೆ ನಿಮಗೇ ಗೊತ್ತು. ಪರಿಹಾರದಿಂದ ಎಮ್ಮೆ ವಾಪಸ್ ಬರುವುದಿಲ್ಲ. ಅದಕ್ಕೇ ವಿಮೆ ಬೇಕು, ಅದಕ್ಕಿಂತ ಮೊದಲು ಬಿಚ್ಚುವ ಕೈ ಬೇಕು.

ಕೊನೆಗೆ ಒಂದು ಮಾತು ನೆನಪಿರಲಿ. ಸಮಯ ಮೀರಿ ನೀರು ಅಂಗಳಕ್ಕೆ ಬಂದಿದ್ದರೆ ಹಗ್ಗ ಕತ್ತರಿಸಿ ದನ ಬಿಟ್ಟು, ಮಕ್ಕಳನ್ನು ಕರೆದುಕೊಂಡು ನೀವು ಮೊದಲು ಹೊರಡಿ. ಬಿಟ್ಟ ದನ ಈಜಿ ದಡ ಸೇರುವ ಸಾಧ್ಯತೆ ಇದೆ. ಮೊಳಕಾಲು ಮೀರಿ ಹರಿಯುವ ನೀರಿನಲ್ಲಿ ಯಾವ ದನಕ್ಕಾಗಿಯೂ ಇಳಿಯಬೇಡಿ.

ಸಂಘದ ಸಭೆಯಲ್ಲಿ ಮಾತಾಡಲು

1. ನಮ್ಮ ಊರಿನಲ್ಲಿ ನೀರು ಬಂದರೆ ಮೊದಲು ಮುಚ್ಚುವ ದಾರಿ ಯಾವುದು?
2. ಎಲ್ಲರ ದನ ನಿಲ್ಲುವಷ್ಟು ಎತ್ತರದ ಜಾಗ ಎಲ್ಲಿದೆ? ಅಲ್ಲಿ ಕುಡಿಯುವ ನೀರು ಇದೆಯೇ?
3. ಗಂಡಸರಿಲ್ಲದ ಮನೆ, ವಯಸ್ಸಾದವರ ಮನೆ, ಬಾಣಂತಿ ಇರುವ ಮನೆ ಯಾವುವು? ಅವರ ದನ ಬಿಚ್ಚುವವರು ಯಾರು?
4. ನಮ್ಮ ಗುರುತು ಕಲ್ಲು ಯಾವುದು?

ನಾಲ್ಕಕ್ಕೂ ಉತ್ತರ ಬರೆದ ಹಾಳೆಯನ್ನು ಸಂಘದಲ್ಲಿ ಹಾಲು ಅಳೆಯುವ ಜಾಗದ ಎದುರಿಗೇ ಅಂಟಿಸಿ. ದಿನಾ ಎರಡು ಹೊತ್ತು ಎಲ್ಲರ ಕಣ್ಣಿಗೆ ಬೀಳಲಿ.

ಆ ತಾಯಿ ಈಗ ಮತ್ತೆ ಎರಡು ಎಮ್ಮೆ ಕಟ್ಟಿದ್ದಾರೆ. 2021ರ ಜುಲೈನಲ್ಲಿ ಘಟ್ಟದಲ್ಲಿ ಮಳೆ ಜೋರಾಯಿತು ಎಂದು ಕೇಳಿ ಅವರಿಗೆ ಫೋನ್ ಮಾಡಿದೆ. "ನಿನ್ನೆನ ಬಿಚ್ಚಿಕೊಂಡು ಅಕ್ಕನ ಮನಿಗೆ ಬಂದೀನ್ರಿ," ಎಂದರು. ಆ ಸಲ ಅವರ ಕೊಟ್ಟಿಗೆಗೆ ನೀರು ಬರಲಿಲ್ಲ. ಎರಡು ದಿನ ಬಿಟ್ಟು ಎಮ್ಮೆ ಹೊಡೆದುಕೊಂಡು ಮನೆಗೆ ಹೋದರು. ಯಾರೂ ಬಯ್ಯಲಿಲ್ಲವಂತೆ.